ಭಟೇರಿಯಿಂದ ಕಾಲೇಜಿನ ನೋಟೀಸ್ ಬೋರ್ಡಿನವರೆಗೆ

ಈಗ ಬಹಳಷ್ಟು ಕಾಲೇಜುಗಳ ನೋಟೀಸ್ ಬೋರ್ಡಿನಲ್ಲಿ 'ಆಂತರಿಕ ದೂರು ಸಮಿತಿ' ಅಂತ ಹೆಸರುಗಳ ಒಂದು ಪಟ್ಟಿ ಇರುತ್ತದೆ. ಪರೀಕ್ಷೆಯ ಟೈಮ್‌ಟೇಬಲ್ ಪಕ್ಕದಲ್ಲಿ, ಯಾರೂ ಓದದ ಹಾಗೆ. ಆ ಪಟ್ಟಿ ಅಲ್ಲಿಗೆ ಬಂದದ್ದು ಹೇಗೆ ಅನ್ನೋದು ದೊಡ್ಡ ಕಥೆ.

ನಾನು ಓದುವಾಗ ಇದಕ್ಕೆಲ್ಲ ನಮ್ಮಲ್ಲಿದ್ದ ಪದ ಒಂದೇ, 'ಚುಡಾಯಿಸೋದು'. ಪೇಪರಿನವರಿಗೆ 'ಈವ್ ಟೀಸಿಂಗ್'. ಎರಡೂ ತಮಾಷೆಯ ಪದಗಳೇ, ಹುಡುಗಿ ಅತ್ತುಕೊಂಡು ಮನೆಗೆ ಹೋದರೂ! ಪೊಲೀಸರ ಹತ್ತಿರ ಹೋಗೋಣವೆಂದರೆ 1860ರ ದಂಡಸಂಹಿತೆಯ 354, 509ನೇ ಕಲಂಗಳಿದ್ದವು. ಅಲ್ಲಿದ್ದದ್ದು ಹೆಣ್ಣಿನ 'ಮಾನ'ದ ಮಾತು, ಅವಳ ಓದಿನದ್ದಲ್ಲ. ಇಂಟರ್ನಲ್ ಮಾರ್ಕ್ಸ್ ಕೈಯಲ್ಲಿಟ್ಟುಕೊಂಡ ಮೇಷ್ಟ್ರ ಮೇಲೆ ಠಾಣೆಗೆ ಹೋಗಿ ದೂರು ಕೊಡೋ ಧೈರ್ಯ ಯಾರಿಗಿತ್ತು ಹೇಳಿ?

ದಾರಿ ತೆರೆದದ್ದು ಯಾವ ವಿಶ್ವವಿದ್ಯಾಲಯವೂ ಅಲ್ಲ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಭಂವರಿ ದೇವಿ ಸರ್ಕಾರಿ ಯೋಜನೆಯೊಂದರ 'ಸಾಥಿನ್' ಆಗಿದ್ದರು. 1992ರಲ್ಲಿ ಬಾಲ್ಯವಿವಾಹವೊಂದನ್ನು ತಡೆಯಲು ಹೋದರು. ಅದೇ ವರ್ಷ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಆ ಆರೋಪದಿಂದ ಬಿಡುಗಡೆ ಮಾಡಿತು. ಮಹಿಳಾ ಸಂಘಟನೆಗಳು ಕೇಳಿದ ಪ್ರಶ್ನೆ ಸರಳ: ಆಕೆ ಮಾಡುತ್ತಿದ್ದದ್ದು ಕೆಲಸ ತಾನೇ, ಕೆಲಸ ಮಾಡುವಾಗ ರಕ್ಷಣೆ ಯಾರ ಹೊಣೆ? 1997ರ ಆಗಸ್ಟ್ 13ರಂದು ಸುಪ್ರೀಂ ಕೋರ್ಟ್ 'ವಿಶಾಖಾ' ತೀರ್ಪು ಕೊಟ್ಟಿತು. ಹೊಣೆ ಸಂಸ್ಥೆಯದ್ದು, ಪ್ರತಿಯೊಂದು ಕಡೆಯೂ ದೂರು ಸಮಿತಿ ಇರಬೇಕು, ಮುಖ್ಯಸ್ಥೆ ಮಹಿಳೆಯಾಗಿರಬೇಕು, ಹೊರಗಿನವರೊಬ್ಬರು ಇರಬೇಕು. ನನಗೆ ಮುಖ್ಯ ಅನ್ನಿಸೋದು ಅದರ ವ್ಯಾಖ್ಯಾನ: ಅವಳಿಗೆ ಬೇಡವಾದದ್ದು ಕಿರುಕುಳ. ಅಲ್ಲಿಗೆ ತಮಾಷೆ ಮುಗಿಯಿತು.

ದೆಹಲಿಯ ಜೆಎನ್‌ಯು 1999ರಲ್ಲೇ 'ಜಿಎಸ್‌ಕ್ಯಾಶ್' ಎಂಬ ಸಮಿತಿ ಮಾಡಿತು. ವಿದ್ಯಾರ್ಥಿಗಳು, ಅಧ್ಯಾಪಕರು, ನೌಕರರು ತಮ್ಮ ಪ್ರತಿನಿಧಿಗಳನ್ನು ಚುನಾವಣೆಯಲ್ಲಿ ಆರಿಸುತ್ತಿದ್ದರು. 2017ರಲ್ಲಿ ಅದನ್ನು ತೆಗೆದು ಆಂತರಿಕ ಸಮಿತಿ ತಂದಾಗ ಜಗಳವೇ ಆಯಿತು. ನಾನಂತೂ ಚುನಾವಣೆಯ ಪಕ್ಷ. ಆಡಳಿತದವರೇ ಆರಿಸಿದ ಸಮಿತಿಯ ಮುಂದೆ ಆಡಳಿತದವರ ಮೇಲೆ ದೂರು ಹೇಳೋದು ಕಷ್ಟ.

ಕಾಯ್ದೆ ಬಂದದ್ದು 2013ರಲ್ಲಿ, ವಿಶಾಖಾ ಆಗಿ ಹದಿನಾರು ವರ್ಷಕ್ಕೆ! ಯುಜಿಸಿಯ 2015ರ ನಿಯಮಗಳು ಅದನ್ನು ಕ್ಯಾಂಪಸ್ಸಿಗೆ ಹೊಂದಿಸಿದವು. ವಿದ್ಯಾರ್ಥಿಗಳ ವಿಷಯವಿದ್ದರೆ ಸಮಿತಿಯಲ್ಲಿ ಮೂವರು ಚುನಾಯಿತ ವಿದ್ಯಾರ್ಥಿಗಳು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರು ಸದಸ್ಯರಾಗುವಂತಿಲ್ಲ. ಹುಡುಗರೂ ತೃತೀಯಲಿಂಗಿಗಳೂ ಕಿರುಕುಳಕ್ಕೆ ಒಳಗಾಗಬಹುದೆಂದು ನಿಯಮಗಳೇ ಒಪ್ಪಿಕೊಂಡಿವೆ. ತನಿಖೆಗೆ 90 ದಿನ. ಇನ್ನೊಂದು ಮಾತು: ದೂರನ್ನು ಸಾಬೀತು ಮಾಡಲಾಗಲಿಲ್ಲ ಅಂದ ಮಾತ್ರಕ್ಕೆ ಅದು ಸುಳ್ಳು ದೂರು ಅಂತ ಅಲ್ಲ. ಇದನ್ನು ಹೆದರಿಸಲು ಬಳಸುವವರೇ ಜಾಸ್ತಿ, ಅದಕ್ಕೇ ಹೇಳಿದೆ.

ನನ್ನ ತಕರಾರು ಒಂದೇ. ದೂರು ಕೊಡಲು ಮೂರು ತಿಂಗಳಷ್ಟೇ ಗಡುವು. 'ಸೆಮಿಸ್ಟರ್ ಮುಗೀಲಿ, ರಿಸಲ್ಟ್ ಬರ್ಲಿ' ಅಂತ ಕಾಯುವ ಹುಡುಗಿಗೆ ಅದು ಸಾಲದು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಇದು ಎಷ್ಟೋ ಮಕ್ಕಳಿಗೆ ಗೊತ್ತಿರೋದಿಲ್ಲ, ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗೋರಿದ್ದರೆ ತಿಳಿಸಿ.