ಶಿಶಿಕ್ಷು ತರಬೇತಿಯ ನಂತರ ಕಾಯಂ ನೇಮಕಾತಿ: ಅಭ್ಯರ್ಥಿಗಳ ಗಮನಕ್ಕೆ

ಬನಹಟ್ಟಿ, ರಬಕವಿ, ಜಮಖಂಡಿ, ಮುಧೋಳ ಹಾಗೂ ಬೀಳಗಿ ಭಾಗದ ಜವಳಿ ಘಟಕ ಮತ್ತು ಸಕ್ಕರೆ ಕಾರ್ಖಾನೆಗಳಲ್ಲಿ ಶಿಶಿಕ್ಷುಗಳಾಗಿ, ಅಂದರೆ ಅಪ್ರೆಂಟಿಸ್‌ಗಳಾಗಿ, ಸೇರಬಯಸುವವರು ತರಬೇತಿ ಮುಗಿದೊಡನೆ ಅಲ್ಲಿಯೇ ಕಾಯಂ ಹುದ್ದೆ ದೊರೆಯುವುದೆಂದು ಭಾವಿಸುವುದುಂಟು. ಕರಾರು ಪತ್ರದಲ್ಲಿ ಅಂತಹ ಷರತ್ತು ಇದ್ದಲ್ಲಿ ಮಾತ್ರ ಈ ಭಾವನೆಗೆ ಕಾನೂನಿನ ಬಲವಿರುತ್ತದೆ.

ಶಿಶಿಕ್ಷು ಅಧಿನಿಯಮ, 1961ರ 18ನೇ ಪ್ರಕರಣದನ್ವಯ ಶಿಶಿಕ್ಷುವು ತರಬೇತಿದಾರನೇ ಹೊರತು ಕಾರ್ಮಿಕನಲ್ಲ. 2014ರ ತಿದ್ದುಪಡಿಯಾದಾಗಿನಿಂದ, ತರಬೇತಿ ಪೂರೈಸಿದವರ ನೇಮಕಾತಿಗೆ ಪ್ರತಿಯೊಬ್ಬ ಮಾಲೀಕನೂ ತನ್ನದೇ ನೀತಿಯನ್ನು ರೂಪಿಸಬೇಕೆಂದು 22ನೇ ಪ್ರಕರಣವು ವಿಧಿಸುತ್ತದೆ. ಆದುದರಿಂದ ಸೇರುವ ಮುನ್ನವೇ ಆ ನೀತಿಯನ್ನು ಕೇಳಿ ತಿಳಿದುಕೊಳ್ಳುವುದು ಯುಕ್ತ. ತರಬೇತಿಯ ನಂತರ ಸೇವೆ ಸಲ್ಲಿಸಬೇಕೆಂಬ ಷರತ್ತು ಕರಾರಿನಲ್ಲಿದ್ದರೆ, ಮಾಲೀಕನು ಸೂಕ್ತ ಉದ್ಯೋಗ ನೀಡಲು ಬದ್ಧನು. ಶಿಶಿಕ್ಷುವೂ ನಮೂದಿಸಿದ ಅವಧಿ ಮತ್ತು ಸಂಬಳಕ್ಕೆ ದುಡಿಯಲು ಬದ್ಧನು. ಈ ಎರಡನೆಯ ಭಾಗವನ್ನು ಗಮನಿಸದೆ ಸಹಿ ಮಾಡಬಾರದು. ಅವಧಿ ಅಥವಾ ಸಂಬಳ ನ್ಯಾಯಸಮ್ಮತವಲ್ಲವೆಂದು ಕಂಡುಬಂದಲ್ಲಿ ಶಿಶಿಕ್ಷು ಸಲಹೆಗಾರರು ಅದನ್ನು ಪರಿಷ್ಕರಿಸಬಹುದು. ಬಾಯಿಮಾತಿನ ಭರವಸೆಯನ್ನು ನಂಬಿ ಬೇರೆ ಅವಕಾಶ ಬಿಟ್ಟುಕೊಡುವುದು ಸರಿಯಲ್ಲ.

ಷರತ್ತು ಇಲ್ಲದಿರುವಾಗ ಆಯ್ಕೆಯು ಮೊದಲಿಗೆ ಖಾಲಿ ಹುದ್ದೆಯನ್ನು ಅವಲಂಬಿಸಿರುತ್ತದೆ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮಿಗೆ ಸೀಮಿತವಾದ ಕೆಲಸಗಳೂ ಇರುವುದರಿಂದ, ನೀಡುವ ಹುದ್ದೆ ಹಂಗಾಮಿನದೋ ವರ್ಷಪೂರ್ತಿಯದೋ ಎಂಬುದನ್ನು ಲಿಖಿತವಾಗಿ ಪಡೆಯತಕ್ಕದ್ದು. ಹುದ್ದೆ ಇದ್ದಲ್ಲಿ ಹಾಜರಾತಿ, ಸುರಕ್ಷತಾ ನಿಯಮಗಳ ಪಾಲನೆ, ಒಂಟಿಯಾಗಿ ಯಂತ್ರ ನಿರ್ವಹಿಸುವ ಸಾಮರ್ಥ್ಯ ಇವು ಗಣನೆಗೆ ಬರುತ್ತವೆ. ಮಗ್ಗದ ಕೆಲಸದಲ್ಲಿ ಎಳೆ ಹರಿದು ಮಗ್ಗ ನಿಂತರೆ ಉತ್ಪಾದನೆಯೇ ನಿಲ್ಲುವುದರಿಂದ, ಬೇಗನೆ ಎಳೆ ಕಟ್ಟಿ ಮಗ್ಗ ನಡೆಸಬಲ್ಲವನಿಗೆ ಬೆಲೆ ಹೆಚ್ಚು. ತರಬೇತಿಯ ಪ್ರಗತಿಯ ದಾಖಲೆಯನ್ನು ಮಾಲೀಕನು ಇಡಬೇಕೆಂದು 19ನೇ ಪ್ರಕರಣವು ಹೇಳುತ್ತದೆ; ತನ್ನ ಕೆಲಸ ಅದರಲ್ಲಿ ಸರಿಯಾಗಿ ನಮೂದಾಗುತ್ತಿದೆಯೇ ಎಂದು ಶಿಶಿಕ್ಷುವು ಆಗಾಗ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಉತ್ತರ ಪ್ರದೇಶ ರಾಜ್ಯ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ಇತರ ಅರ್ಹತೆಗಳು ಸಮನಾಗಿದ್ದಲ್ಲಿ ತರಬೇತಿ ಪಡೆದ ಶಿಶಿಕ್ಷುವಿಗೆ ನೇರ ಅಭ್ಯರ್ಥಿಗಿಂತ ಆದ್ಯತೆ ನೀಡಬೇಕೆಂದು ತಿಳಿಸಿದೆ. ಇದು ಆದ್ಯತೆಯೇ ಹೊರತು ಹುದ್ದೆಯ ಹಕ್ಕಲ್ಲ.

2019ರ ನಿಯಮ ತಿದ್ದುಪಡಿಯಂತೆ ಗುತ್ತಿಗೆ ಸಿಬ್ಬಂದಿಯೂ ಸೇರಿ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಶಿಶಿಕ್ಷುಗಳ ನೇಮಕ ಕಡ್ಡಾಯ. 4ರಿಂದ 29 ಜನರಿದ್ದಲ್ಲಿ ಐಚ್ಛಿಕ. ಮನೆಯಲ್ಲಿಯೇ ಕೆಲವು ವಿದ್ಯುತ್ ಮಗ್ಗಗಳನ್ನು ನಡೆಸುವ ಘಟಕಗಳಲ್ಲಿ ಕರಾರಿಲ್ಲದೆ ಕೆಲಸ ಕಲಿಯುವವರಿಗೆ ಈ ಅಧಿನಿಯಮದ ರಕ್ಷಣೆ ಲಭಿಸುವುದಿಲ್ಲ. ಅಪ್ರಾಪ್ತ ವಯಸ್ಕರ ಪರವಾಗಿ ಪೋಷಕರು ಕರಾರು ಮಾಡಿಕೊಳ್ಳಬೇಕು.

ಕರಾರಿನ ಬಗ್ಗೆ ವಿವಾದ ಉಂಟಾದಲ್ಲಿ 20ನೇ ಪ್ರಕರಣದಡಿ ಶಿಶಿಕ್ಷು ಸಲಹೆಗಾರರಿಗೆ ಲಿಖಿತ ದೂರು ಸಲ್ಲಿಸಬಹುದು. ಅವರ ತೀರ್ಮಾನ ತಿಳಿದ 30 ದಿನಗಳೊಳಗಾಗಿ ಶಿಶಿಕ್ಷು ಮಂಡಳಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.