ಸೂತಿಕಾಗೃಹದ ಹೊಸ್ತಿಲು: ಭಾರತದ ಕ್ಯಾಥೊಲಿಕ್ ವೈದ್ಯಸೇವೆಯ ಇತಿಹಾಸದಲ್ಲಿ ಒಂದು ನಿಷೇಧ ಮತ್ತು ಅದರ ತೆರವು

೧

ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಭಾರತದ ಕ್ಯಾಥೊಲಿಕ್ ಮಿಷನ್ ಕೇಂದ್ರಗಳಲ್ಲಿ ಒಂದು ವಿಚಿತ್ರ ಸನ್ನಿವೇಶವಿದ್ದಿತು. ಅಲ್ಲಿನ ಸನ್ಯಾಸಿನಿಯರು ಶಾಲೆಗಳನ್ನು ನಡೆಸುತ್ತಿದ್ದರು, ಅನಾಥ ಮಕ್ಕಳನ್ನು ಸಾಕುತ್ತಿದ್ದರು, ಔಷಧಾಲಯಗಳಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತಿದ್ದರು. ಆದರೆ ವೈದ್ಯಪದವಿ ಪಡೆದು ಆ ವೃತ್ತಿಯನ್ನು ಕೈಗೊಳ್ಳಲು, ಹೆರಿಗೆಯ ಕೋಣೆಯಲ್ಲಿ ನಿಂತು ತಾಯಿ ಮಗುವಿನ ಜೀವ ಉಳಿಸಲು ಅವರಿಗೆ ಅಧಿಕಾರವಿರಲಿಲ್ಲ. ಅಡ್ಡಿಯಾಗಿದ್ದುದು ಹಣದ ಕೊರತೆಯಾಗಲಿ ಸರಕಾರದ ಕಟ್ಟಳೆಯಾಗಲಿ ಅಲ್ಲ. ಅವರ ಧರ್ಮಸಭೆಯ ಕಾನೂನೇ ಆಗಿದ್ದಿತು. ಈ ನಿಷೇಧ ಅಧಿಕೃತವಾಗಿ ತೆರವಾದದ್ದು ೧೯೩೬ರ ಫೆಬ್ರವರಿ ೧೧ರಂದು.

ಭಾರತದಲ್ಲಿ ಸ್ತ್ರೀಯರು, ಶಿಶುಗಳು ಮತ್ತು ಗ್ರಾಮಸಮುದಾಯಗಳಿಗೆ ಲಾಭದ ಉದ್ದೇಶವಿಲ್ಲದೆ ಸಲ್ಲುತ್ತಿರುವ ಕ್ಯಾಥೊಲಿಕ್ ವೈದ್ಯಸೇವೆಯನ್ನು ಸಾಮಾನ್ಯವಾಗಿ ಕರುಣೆಯ ಕಥೆಯಾಗಿ, ಇಲ್ಲವೇ ಮತಪ್ರಚಾರದ ಕಥೆಯಾಗಿ ಬರೆಯಲಾಗಿದೆ. ಇವೆರಡೂ ಮರೆಮಾಡುವ ಒಂದು ಸಂಗತಿಯನ್ನು ಪ್ರಸ್ತುತ ಲೇಖನ ಮುಂದಿಡಲು ಯತ್ನಿಸುತ್ತದೆ. ಈ ಸೇವೆ ರೋಮಿನಿಂದ ಭಾರತಕ್ಕೆ ಸಿದ್ಧವಾಗಿ ಬಂದದ್ದಲ್ಲ. ಭಾರತದ ಹೆರಿಗೆಮನೆಗಳ ಅನುಭವವನ್ನು ಹಿಡಿದುಕೊಂಡು ಕೆಲವು ಸ್ತ್ರೀವೈದ್ಯರು ರೋಮಿನ ಕಾನೂನನ್ನೇ ಬದಲಾಯಿಸಿದರು. ಅನಂತರವೇ ಈ ಸೇವೆಗೆ ಇಂದಿನ ರೂಪ ಬಂದಿತು.

೨

ಮೊದಲು ನಿಷೇಧದ ಮೂಲವನ್ನು ಪರಿಶೀಲಿಸಬೇಕು. ಅದು ಮಧ್ಯಯುಗಕ್ಕೆ ಸೇರಿದ್ದು. ೧೧೩೯ರ ಎರಡನೆಯ ಲ್ಯಾಟೆರನ್ ಮಹಾಸಭೆಯು ಮಠವಾಸಿಗಳು ಲೌಕಿಕ ಲಾಭಕ್ಕಾಗಿ ನ್ಯಾಯಶಾಸ್ತ್ರವನ್ನೂ ವೈದ್ಯವನ್ನೂ ಕಲಿಯುವುದನ್ನು ಖಂಡಿಸಿತು. ೧೨೧೫ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆಯು ಗುರುದೀಕ್ಷೆ ಪಡೆದವರು ಕೊಯ್ಯುವ, ಸುಡುವ ಶಸ್ತ್ರಚಿಕಿತ್ಸೆಯನ್ನು ಮಾಡಕೂಡದೆಂದಿತು. ಪ್ರಾರ್ಥನೆಯನ್ನು ತೊರೆದು ಹಣದ ಬೆನ್ನು ಹತ್ತಬಾರದು, ದೀಕ್ಷಿತರ ಕೈಗೆ ರಕ್ತ ಅಂಟಬಾರದು ಎಂಬುದು ಇವುಗಳ ಹಿಂದಿನ ಆಶಯ. ಈ ನಿಯಮಗಳು ರೂಪುಗೊಂಡದ್ದು ಪುರುಷರನ್ನು ಕುರಿತು ಎಂಬುದು ಗಮನಾರ್ಹ. ಆದರೆ ೧೯೧೭ರಲ್ಲಿ ಪ್ರಕಟವಾದ ಧರ್ಮಸಭೆಯ ಕಾನೂನು ಸಂಹಿತೆಯು, ರೋಮಿನ ವಿಶೇಷ ಅನುಮತಿಯಿಲ್ಲದೆ ಗುರುಗಳು ವೈದ್ಯವೃತ್ತಿ ಮಾಡಬಾರದೆಂಬ ನಿಯಮವನ್ನು ವ್ರತಧಾರಿಗಳೆಲ್ಲರಿಗೂ, ಎಂದರೆ ಸನ್ಯಾಸಿನಿಯರಿಗೂ, ಅನ್ವಯಿಸಿತು. ಹೆರಿಗೆಯ ಆರೈಕೆಯಂತೂ ಬ್ರಹ್ಮಚರ್ಯವ್ರತಕ್ಕೆ ಒಗ್ಗದ ಕೆಲಸವೆಂಬ ಭಾವನೆ ಅದಕ್ಕೂ ಮೊದಲೇ ಬಲವಾಗಿ ಬೇರೂರಿದ್ದಿತು.

ಇದೇ ಕಾಲಘಟ್ಟದ ನಮ್ಮ ಶಾಸನ ಸಾಹಿತ್ಯದತ್ತ ದೃಷ್ಟಿ ಹರಿಸಿದರೆ ಬೇರೊಂದು ಚಿತ್ರ ಕಾಣುತ್ತದೆ. ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತ ೧೧೬೨ರ ಶಾಸನವು ಆ ಕಾಳಾಮುಖ ಮಠವನ್ನು ವಿದ್ಯೆಯ ನೆಲೆಯೆಂದು ಮಾತ್ರವಲ್ಲದೆ ದೀನರಾದ ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೆಂದೂ ವರ್ಣಿಸುತ್ತದೆ. ಸುಮಾರು ೧೨೦೦ರಲ್ಲಿದ್ದ ಜೈನಮುನಿ ದೇವೇಂದ್ರನು ಕನ್ನಡದಲ್ಲಿ ಮಕ್ಕಳ ಕಾಯಿಲೆಗಳನ್ನು ಕುರಿತ 'ಬಾಲಗ್ರಹಚಿಕಿತ್ಸೆ'ಯನ್ನು ಬರೆದನು. ಇನ್ನೂ ಮಹತ್ತ್ವದ್ದು ಗುಂಟೂರು ಪ್ರದೇಶದ ಮಲ್ಕಾಪುರಂ ಶಾಸನ. ಕಾಕತೀಯ ರುದ್ರಮದೇವಿಯ ಕಾಲದ, ೧೨೬೧ರ ಈ ಶಾಸನದಲ್ಲಿ ಶೈವಾಚಾರ್ಯ ವಿಶ್ವೇಶ್ವರ ಶಿವನು ತನ್ನ ಗೋಳಕೀ ಮಠದ ಆದಾಯದ ಒಂದು ಪಾಲನ್ನು ಅನ್ನಸತ್ರದೊಡನೆ ಪ್ರಸೂತಿಶಾಲೆಗೂ ಆರೋಗ್ಯಶಾಲೆಗೂ ಮೀಸಲಿಟ್ಟ ಸಂಗತಿಯಿದೆ.

ಇವುಗಳಿಂದ ನಮ್ಮ ಪರಂಪರೆ ಉದಾರ, ಅವರದು ಸಂಕುಚಿತ ಎಂಬ ತೀರ್ಮಾನಕ್ಕೆ ಹಾರುವುದು ಸರಿಯಲ್ಲ. ಹೆರಿಗೆಯ ಸೂತಕದ ಕಲ್ಪನೆ ನಮ್ಮಲ್ಲಿಯೂ ಬಾಣಂತಿಯನ್ನು ಮೂಲೆಗೆ ನೂಕಿದೆ. ಸೂಲಗಿತ್ತಿಯ ವಿದ್ಯೆಗೆ ಶಾಸ್ತ್ರದ ಮನ್ನಣೆ ದೊರೆತದ್ದು ವಿರಳ. ಆದರೂ ಸನ್ಯಾಸಕ್ಕೂ ಸೂತಿಕಾಗೃಹಕ್ಕೂ ಸಹಜವಾದ ವೈರವೇನೂ ಇಲ್ಲವೆಂಬುದನ್ನು ಈ ಶಾಸನಗಳು ತೋರಿಸುತ್ತವೆ. ಇಪ್ಪತ್ತನೆಯ ಶತಮಾನದ ಹೋರಾಟದ ಒಂದು ಮುಖ್ಯ ಕೇಂದ್ರವೂ ಅದೇ ಗುಂಟೂರು ಎಂಬುದು ಕಾಕತಾಳೀಯ. ಆದರೆ ಅರ್ಥಪೂರ್ಣವಾದ ಕಾಕತಾಳೀಯ.

೩

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಭಾರತದ ಸ್ತ್ರೀಯರಿಗಾಗಿ ಸ್ತ್ರೀವೈದ್ಯರು ಬೇಕೆಂಬ ಅರಿವು ಹಲವು ದಿಕ್ಕುಗಳಿಂದ ಮೂಡಿತು. ಅಮೆರಿಕದ ಮೆಥಡಿಸ್ಟ್ ವೈದ್ಯೆ ಕ್ಲಾರಾ ಸ್ವೇನ್ ೧೮೭೦ರಲ್ಲಿ ಬರೇಲಿಗೆ ಬಂದರು. ೧೮೮೫ರಲ್ಲಿ ಡಫರಿನ್ ನಿಧಿ ಸ್ಥಾಪಿತವಾಯಿತು. ೧೮೮೬ರಲ್ಲಿ ಆನಂದಿಬಾಯಿ ಜೋಶಿಯವರು ಅಮೆರಿಕದಲ್ಲಿ, ಕಾದಂಬಿನಿ ಗಂಗೂಲಿಯವರು ಕಲಕತ್ತೆಯಲ್ಲಿ ವೈದ್ಯಶಿಕ್ಷಣ ಮುಗಿಸಿದರು. ಲೂಧಿಯಾನದಲ್ಲಿ ಎಡಿತ್ ಬ್ರೌನ್ ೧೮೯೪ರಲ್ಲಿ, ವೆಲ್ಲೂರಿನಲ್ಲಿ ಐಡಾ ಸ್ಕಡರ್ ೧೯೧೮ರಲ್ಲಿ ಸ್ತ್ರೀಯರಿಗೆ ವೈದ್ಯವಿದ್ಯೆ ಕಲಿಸುವ ಶಾಲೆಗಳನ್ನು ತೆರೆದರು. ಪ್ರಾಟೆಸ್ಟೆಂಟ್ ವೈದ್ಯೆಯರು ಸನ್ಯಾಸವ್ರತಕ್ಕೆ ಒಳಪಟ್ಟವರಲ್ಲವಾದ್ದರಿಂದ ಅವರನ್ನು ತಡೆಯುವ ಕಾನೂನು ಇರಲಿಲ್ಲ.

ಕ್ಯಾಥೊಲಿಕರು ಕೈಕಟ್ಟಿ ಕುಳಿತಿದ್ದರೆಂದು ಇದರ ಅರ್ಥವಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಜೆಸುಯಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ೧೮೮೦ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ಆರಂಭಿಸಿದ್ದರು. ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಸನ್ಯಾಸಿನಿಯರು ೧೮೮೬ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ತೆರೆದರು. ಆಸ್ಪತ್ರೆ ಕಟ್ಟುವುದಕ್ಕೆ, ದಾದಿಯಾಗಿ ಶುಶ್ರೂಷೆ ಮಾಡುವುದಕ್ಕೆ ಅಡ್ಡಿಯಿರಲಿಲ್ಲ. ಸನ್ಯಾಸಿನಿಯೇ ವೈದ್ಯೆಯಾಗುವುದಕ್ಕೆ ಅಡ್ಡಿಯಿದ್ದಿತು. ಪುರುಷ ವೈದ್ಯನನ್ನು ಹೆರಿಗೆಯ ಕೋಣೆಗೆ ಬಿಡದ ಮನೆಗಳಲ್ಲಿ ಈ ವ್ಯತ್ಯಾಸವು ಸಾವು ಬದುಕಿನ ವ್ಯತ್ಯಾಸವಾಗಿದ್ದಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂದಿನ ಮಿಷನರಿ ಬರಹಗಳು ಉತ್ತರ ಭಾರತದ ಮೇಲ್ವರ್ಗದ ಪರದಾ ಪದ್ಧತಿಯನ್ನು ಭಾರತದ ಸ್ತ್ರೀಯರೆಲ್ಲರ ಸ್ಥಿತಿಯೆಂದು ಬಿಂಬಿಸುವುದುಂಟು. ದಕ್ಷಿಣದಲ್ಲಿ, ದುಡಿಯುವ ವರ್ಗಗಳಲ್ಲಿ ಪರದಾ ಇರಲಿಲ್ಲ. ಇದ್ದುದು ಪರಪುರುಷನೆದುರು ದೇಹವನ್ನು ತೋರಲು ಒಪ್ಪದ ಸಂಕೋಚ, ಅದಕ್ಕಿಂತ ಹೆಚ್ಚಾಗಿ ಬಡತನ ಮತ್ತು ದೂರ. ಈ ಬರಹಗಳನ್ನು ಆಕರವಾಗಿ ಬಳಸುವ ಸಂಶೋಧಕರು ಈ ಭೇದವನ್ನು ಮರೆಯಬಾರದು.

೪

ನಿಷೇಧವನ್ನು ಮೊದಲು ಪ್ರಶ್ನಿಸಿದವರು ಸ್ಕಾಟ್ಲೆಂಡಿನ ಆಗ್ನೆಸ್ ಮೆಕ್ಲಾರೆನ್ (೧೮೩೭–೧೯೧೩). ಎಡಿನ್‌ಬರೋದವರಾದ ಇವರು ಫ್ರಾನ್ಸಿನ ಮೋಂಪೆಲಿಯೆ ವಿಶ್ವವಿದ್ಯಾನಿಲಯದಿಂದ ೧೮೭೮ರಲ್ಲಿ ವೈದ್ಯಪದವಿ ಪಡೆದರು; ಅರವತ್ತು ದಾಟಿದ ಮೇಲೆ, ೧೮೯೮ರಲ್ಲಿ, ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದರು. ರಾವಲ್ಪಿಂಡಿಯಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಸೇಂಟ್ ಕ್ಯಾಥರೀನ್ಸ್ ಆಸ್ಪತ್ರೆ ಆರಂಭವಾಗಲು ಅವರು ಲಂಡನ್ನಿನಲ್ಲಿ ರಚಿಸಿದ ಸಮಿತಿ ಕಾರಣವಾಯಿತು. ಆದರೆ ಆ ಆಸ್ಪತ್ರೆಗೆ ಬರುವ ವೈದ್ಯೆಯರು ಕೆಲವು ಕಾಲವಿದ್ದು ಹಿಂದಿರುಗುವರು. ಆಜೀವ ಅಲ್ಲಿರಬಲ್ಲ ಸನ್ಯಾಸಿನಿಯರಿಗೆ ವೈದ್ಯ ಮಾಡುವ ಅಧಿಕಾರವಿಲ್ಲ. ಈ ವಿಪರ್ಯಾಸವನ್ನು ಮನಗಾಣಿಸಲು ಅವರು ಇಳಿವಯಸ್ಸಿನಲ್ಲಿ ಮತ್ತೆ ಮತ್ತೆ ರೋಮಿಗೆ ಹೋಗಿ ಮನವಿ ಸಲ್ಲಿಸಿದರು. ಮನವಿ ಫಲಿಸುವ ಮುನ್ನವೇ ೧೯೧೩ರಲ್ಲಿ ತೀರಿಕೊಂಡರು.

ಅವರ ಕೆಲಸವನ್ನು ಮುಂದುವರಿಸಿದ ಇಬ್ಬರೂ ಅವರನ್ನು ಕಂಡವರಲ್ಲ. ಆಸ್ಟ್ರಿಯದ ಟಿರೋಲ್ ಪ್ರಾಂತದ ಆನ್ನಾ ಡೆಂಗೆಲ್ (೧೮೯೨–೧೯೮೦) ಅವರಿಗೆ ಪತ್ರ ಬರೆದು, ಅವರ ಸಲಹೆಯಂತೆ ಐರ್ಲೆಂಡಿನ ಕಾರ್ಕ್ ನಗರದಲ್ಲಿ ವೈದ್ಯಶಿಕ್ಷಣ ಪಡೆದರು. ಬ್ರಿಟಿಷ್ ಇಂಡಿಯಾದಲ್ಲಿ ವೃತ್ತಿ ನಡೆಸಲು ಬ್ರಿಟಿಷ್ ಮನ್ನಣೆಯ ಪದವಿ ಬೇಕಿದ್ದುದೇ ಈ ಆಯ್ಕೆಗೆ ಕಾರಣ. ೧೯೨೦ರಲ್ಲಿ ರಾವಲ್ಪಿಂಡಿಗೆ ಬಂದು ಸುಮಾರು ನಾಲ್ಕು ವರ್ಷ ದುಡಿದರು. ಒಬ್ಬಿಬ್ಬರ ತ್ಯಾಗದಿಂದ ಆಗುವ ಕೆಲಸ ಇದಲ್ಲ, ಇದಕ್ಕೆ ಒಂದು ಸಂಸ್ಥೆ ಬೇಕು ಎಂಬುದು ಅವರು ಅಲ್ಲಿ ಕಂಡುಕೊಂಡ ಸತ್ಯ.

೧೯೨೫ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಅವರು ಮೂವರು ಸಂಗಾತಿಗಳೊಡನೆ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ನಾಲ್ವರಲ್ಲಿ ಇಬ್ಬರು ವೈದ್ಯರು, ಇಬ್ಬರು ದಾದಿಯರು. ಕಾನೂನು ವ್ರತಧಾರಿಗಳನ್ನು ತಡೆಯುತ್ತಿದ್ದುದರಿಂದ ಇವರು ಸಾರ್ವಜನಿಕ ವ್ರತಗಳನ್ನೇ ಸ್ವೀಕರಿಸಲಿಲ್ಲ. ಸನ್ಯಾಸಿನಿಯರಂತೆ ಬಾಳಿದರೂ ಕಾನೂನಿನ ದೃಷ್ಟಿಯಲ್ಲಿ ಭಕ್ತಸ್ತ್ರೀಯರ ಒಂದು ಸಂಘವಾಗಿ ಉಳಿದರು. ಕಾನೂನನ್ನು ಮುರಿಯದೆ, ಕಾನೂನಿನ ಉದ್ದೇಶಕ್ಕೂ ಮಣಿಯದೆ ಹನ್ನೊಂದು ವರ್ಷ ನಡೆದ ಈ ವ್ಯವಸ್ಥೆಯಲ್ಲಿ ಜಾಣ್ಮೆಯೂ ಇದೆ, ತಾಳ್ಮೆಯೂ ಇದೆ.

ಎರಡನೆಯವರು ಆಸ್ಟ್ರೇಲಿಯದ ಮೇರಿ ಗ್ಲೌರಿ (೧೮೮೭–೧೯೫೭). ಮೆಲ್ಬರ್ನ್ ವಿಶ್ವವಿದ್ಯಾನಿಲಯದ ವೈದ್ಯ ಪದವೀಧರೆಯಾಗಿ ಹೆಸರು ಗಳಿಸಿದ್ದ ಇವರು ೧೯೧೫ರಲ್ಲಿ ಮೆಕ್ಲಾರೆನ್ನರ ಜೀವನವನ್ನು ಕುರಿತ ಒಂದು ಕಿರುಹೊತ್ತಗೆಯನ್ನು ಓದಿ ಭಾರತಕ್ಕೆ ಬರಲು ನಿರ್ಧರಿಸಿದರು. ೧೯೧೯ರಲ್ಲಿ ಪ್ರಸೂತಿ, ಸ್ತ್ರೀರೋಗ ಮತ್ತು ನೇತ್ರವೈದ್ಯಗಳಲ್ಲಿ ಉನ್ನತ ಪದವಿ ಪಡೆದು, ೧೯೨೦ರ ಫೆಬ್ರವರಿಯಲ್ಲಿ ಗುಂಟೂರನ್ನು ತಲುಪಿದರು. ಅಲ್ಲಿ ಡಚ್ ಮೂಲದ ಜೀಸಸ್ ಮೇರಿ ಜೋಸೆಫ್ ಸಭೆಯನ್ನು ಸೇರಿ ಸಿಸ್ಟರ್ ಮೇರಿ ಆಫ್ ದ ಸೇಕ್ರೆಡ್ ಹಾರ್ಟ್ ಎಂಬ ಹೆಸರನ್ನು ತಳೆದರು. ಡೆಂಗೆಲ್ ವ್ರತವನ್ನು ಮುಂದೂಡಿ ವೈದ್ಯವೃತ್ತಿಯನ್ನು ಉಳಿಸಿಕೊಂಡರೆ, ಗ್ಲೌರಿ ವ್ರತವನ್ನು ಸ್ವೀಕರಿಸಿ, ಪೋಪ್ ಹದಿನೈದನೆಯ ಬೆನೆಡಿಕ್ಟರ ವಿಶೇಷ ಅನುಮತಿಯಿಂದ ವೃತ್ತಿಯನ್ನು ಉಳಿಸಿಕೊಂಡರು. ಒಂದೇ ಗೋಡೆಯನ್ನು ಇಬ್ಬರೂ ಎರಡು ಕಡೆಗಳಿಂದ ಸಡಿಲಿಸಿದರೆನ್ನಬಹುದು.

ಗುಂಟೂರಿನ ಸಣ್ಣ ಔಷಧಾಲಯವು ಸೇಂಟ್ ಜೋಸೆಫ್ಸ್ ಆಸ್ಪತ್ರೆಯಾಗಿ ಬೆಳೆಯಿತು. ವೈದ್ಯೆ ಒಬ್ಬರೇ, ರೋಗಿಗಳು ಸಾವಿರಾರು. ಆದ್ದರಿಂದ ಗ್ಲೌರಿಯವರು ಸ್ಥಳೀಯ ಸ್ತ್ರೀಯರಿಗೆ ಔಷಧ ತಯಾರಿಕೆ, ಶುಶ್ರೂಷೆ ಮತ್ತು ಸೂಲಗಿತ್ತಿಯ ಕೆಲಸಗಳಲ್ಲಿ ತರಬೇತಿ ನೀಡಿದರು. ನಮ್ಮ ದೃಷ್ಟಿಯಲ್ಲಿ ಇದು ಆಸ್ಪತ್ರೆಯ ಕಟ್ಟಡಕ್ಕಿಂತ ಮುಖ್ಯವಾದ ಕಾರ್ಯ. ವಿದೇಶೀ ವೈದ್ಯೆಯ ಹೆಸರು ಇತಿಹಾಸದಲ್ಲಿ ಉಳಿದಿದೆ. ಹಳ್ಳಿಯಿಂದ ಬಂದ ಬಾಣಂತಿಯ ಭಾಷೆಯಲ್ಲಿಯೇ ಮಾತನಾಡಿ ಅವಳ ಭಯ ಕಳೆದ ತೆಲುಗು ಹೆಣ್ಣುಮಕ್ಕಳ ಹೆಸರುಗಳಿಗೆ ಆ ಭಾಗ್ಯ ದೊರೆತಿಲ್ಲ. ಸೇವೆಯು ಸಮುದಾಯದೊಳಗೆ ಬೇರುಬಿಟ್ಟುದು ಇವರಿಂದಲೇ.

೫

೧೯೩೬ರ ಫೆಬ್ರವರಿಯಲ್ಲಿ ರೋಮಿನ ಮತಪ್ರಸಾರ ಇಲಾಖೆಯು 'ಕಾನ್‌ಸ್ಟಾನ್ಸ್ ಆಕ್ ಸೆದುಲಾ' ಎಂಬ ಲ್ಯಾಟಿನ್ ಮೊದಲ ಪದಗಳಿಂದ ಪ್ರಸಿದ್ಧವಾದ ಆದೇಶವನ್ನು ಹೊರಡಿಸಿತು. ಮಿಷನ್ ಪ್ರದೇಶಗಳಲ್ಲಿ ತಾಯಂದಿರ ಮತ್ತು ಶಿಶುಗಳ ಜೀವರಕ್ಷಣೆಗಾಗಿ ಸನ್ಯಾಸಿನಿಯರು ವೈದ್ಯ ಹಾಗೂ ದಾದಿ ಪದವಿಗಳನ್ನು ಪಡೆಯಬೇಕೆಂದೂ, ಅದಕ್ಕಾಗಿ ಹೊಸ ಸಭೆಗಳು ಹುಟ್ಟಬೇಕೆಂದೂ ಅದು ಸೂಚಿಸಿತು. ನಿಷಿದ್ಧವಾಗಿದ್ದ ಕಾರ್ಯ ಅಪೇಕ್ಷಿತ ಕಾರ್ಯವಾಯಿತು. ೧೯೮೩ರ ಹೊಸ ಕಾನೂನು ಸಂಹಿತೆಯಲ್ಲಿ ವೈದ್ಯವೃತ್ತಿಯನ್ನು ತಡೆಯುವ ಹಳೆಯ ನಿಯಮವೇ ಕಾಣಸಿಗದು.

ಆದೇಶದ ಪರಿಣಾಮ ಭಾರತದಲ್ಲಿ ಬೇಗನೆ ಕಾಣಿಸಿತು. ಡೆಂಗೆಲ್ಲರ ಸಂಸ್ಥೆ ೧೯೩೯ರಲ್ಲಿ ಪಾಟ್ನಾದಲ್ಲಿ ಹೋಲಿ ಫ್ಯಾಮಿಲಿ ಆಸ್ಪತ್ರೆಯನ್ನು ತೆರೆಯಿತು. ೧೯೪೮ರಲ್ಲಿ ಮದರ್ ತೆರೇಸಾ ಕಲಕತ್ತೆಯ ಕೊಳೆಗೇರಿಗಳಿಗೆ ಇಳಿಯುವ ಮೊದಲು ಶುಶ್ರೂಷೆಯ ತರಬೇತಿ ಪಡೆದದ್ದು ಇಲ್ಲಿಯೇ. ೧೯೪೭ರ ವಿಭಜನೆಯಿಂದ ರಾವಲ್ಪಿಂಡಿ ಪಾಕಿಸ್ತಾನಕ್ಕೆ ಸೇರಿ, ಈ ಸೇವೆಯ ತವರುಮನೆ ಗಡಿಯಾಚೆ ಉಳಿಯಿತು.

ಗುಂಟೂರಿನಲ್ಲಿ ೧೯೪೩ರ ಜುಲೈ ೨೯ರಂದು ಗ್ಲೌರಿಯವರ ನೇತೃತ್ವದಲ್ಲಿ ಹದಿನಾರು ಸನ್ಯಾಸಿನಿಯರು ಸೇರಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಚದುರಿದ್ದ ಆಸ್ಪತ್ರೆ, ಔಷಧಾಲಯಗಳನ್ನು ಒಂದು ಸೂತ್ರದಲ್ಲಿ ಹೆಣೆಯುವುದು ಅದರ ಉದ್ದೇಶ. ಸಿಕಂದರಾಬಾದಿನಲ್ಲಿ ನೆಲೆಯೂರಿದ ಈ ಸಂಘವು ೧೯೯೦ರ ದಶಕದಲ್ಲಿ ತನ್ನ ಹೆಸರಿನ 'ಆಸ್ಪತ್ರೆ' ಎಂಬ ಪದವನ್ನು ಬಿಟ್ಟು 'ಆರೋಗ್ಯ' ಎಂಬ ಪದವನ್ನು ಸ್ವೀಕರಿಸಿತು. ಇಂದು ಅದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿವೆ. ಅವುಗಳಲ್ಲಿ ಬಹುಪಾಲು ದೊಡ್ಡ ಆಸ್ಪತ್ರೆಗಳಲ್ಲ, ಹಳ್ಳಿಗಾಡಿನ ಸಣ್ಣ ಆರೋಗ್ಯ ಕೇಂದ್ರಗಳು. ಪದದ ಬದಲಾವಣೆಯ ಹಿಂದೆ ದೃಷ್ಟಿಯ ಬದಲಾವಣೆಯಿದೆ: ರೋಗಿ ಬಾಗಿಲಿಗೆ ಬರಲೆಂದು ಕಾಯುವುದರಿಂದ, ರೋಗ ಹುಟ್ಟುವ ಊರಿಗೇ ಹೋಗುವ ಕಡೆಗೆ.

ಕರ್ನಾಟಕದ ಸಂಬಂಧ ಇಲ್ಲಿ ಸ್ಪಷ್ಟವಾಗುತ್ತದೆ. ಭಾರತದಲ್ಲಿ ಒಂದು ಕ್ಯಾಥೊಲಿಕ್ ವೈದ್ಯಕೀಯ ಕಾಲೇಜು ಬೇಕೆಂಬುದು ಗ್ಲೌರಿಯವರ ಬಹುಕಾಲದ ಕನಸು. ಅವರು ೧೯೫೭ರ ಮೇ ೫ರಂದು ಬೆಂಗಳೂರಿನಲ್ಲಿ ನಿಧನರಾದರು. ಆರು ವರ್ಷಗಳ ತರುವಾಯ, ೧೯೬೩ರಲ್ಲಿ, ಅದೇ ನಗರದಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು. ಒಂದು ಕಾಲಕ್ಕೆ ಯಾರಿಗೆ ವೈದ್ಯವಿದ್ಯೆ ನಿಷಿದ್ಧವಾಗಿದ್ದಿತೋ ಆ ಸನ್ಯಾಸಿನಿಯರು ಅಲ್ಲಿ ವಿದ್ಯಾರ್ಥಿನಿಯರಾಗಿ ಸೇರಿ, ಪದವಿ ಪಡೆದು ದೇಶದ ಹಿಂದುಳಿದ ಪ್ರದೇಶಗಳಿಗೆ ಹೋದರು.

೬

ಈ ಸೇವೆಯ ಮಿತಿಗಳನ್ನು ಹೇಳದಿದ್ದರೆ ಇತಿಹಾಸ ಅಪೂರ್ಣವಾಗುತ್ತದೆ. ಭಾರತ ಸರಕಾರವು ೧೯೫೨ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಧರ್ಮಸಭೆಯಾದರೋ ೧೯೩೦ರ ಮತ್ತು ೧೯೬೮ರ ಪೋಪರ ಪತ್ರಗಳ ಮೂಲಕ ಕೃತಕ ಗರ್ಭನಿರೋಧವನ್ನು ನಿರಾಕರಿಸಿತು. ಆದ್ದರಿಂದ ಕ್ಯಾಥೊಲಿಕ್ ಆಸ್ಪತ್ರೆಗಳು ಸ್ವಾಭಾವಿಕ ವಿಧಾನಗಳನ್ನಷ್ಟೇ ಬೋಧಿಸಿದವು. ಮೇಲಿಂದ ಮೇಲೆ ಹೆತ್ತು ಬಳಲಿದ ತಾಯಿಗೆ ಹೆರಿಗೆಯಲ್ಲಿ ಆಸರೆಯಾದ ಕೈ, ಮುಂದಿನ ಹೆರಿಗೆಯನ್ನು ತಡೆಯುವ ವಿಷಯದಲ್ಲಿ ಹಿಂದೆ ಸರಿಯಿತು. ಸೇವೆ ಮತ್ತು ಮತಾಂತರಗಳ ಸಂಬಂಧ ಕುರಿತ ಪ್ರಶ್ನೆಗಳೂ ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಉಳಿದೇ ಬಂದಿವೆ. ಅವುಗಳನ್ನು ಆಯಾ ಊರಿನ, ಆಯಾ ಕಾಲದ ದಾಖಲೆಗಳ ಆಧಾರದಿಂದಲೇ ವಿವೇಚಿಸಬೇಕಲ್ಲದೆ ಸಾರಾಸಗಟಾದ ತೀರ್ಪಿನಿಂದ ಅಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ೧೧೩೯ರಿಂದ ೧೯೩೬ರವರೆಗೆ ಚಾಚಿದ ಒಂದು ನಿಷೇಧವನ್ನು ಸಡಿಲಿಸಿದ್ದು ತತ್ತ್ವಚರ್ಚೆಯಲ್ಲ, ಹೆರಿಗೆಯ ಕೋಣೆಯಲ್ಲಿ ಕಂಡ ಸಾವುಗಳ ಸಾಕ್ಷ್ಯ. ಆ ಸಾಕ್ಷ್ಯವನ್ನು ಒದಗಿಸಿದ್ದು ರಾವಲ್ಪಿಂಡಿ ಮತ್ತು ಗುಂಟೂರಿನಂತಹ ಊರುಗಳು. ಹೊರನಾಡಿನಲ್ಲಿರುವ ಕನ್ನಡ ಸಂಶೋಧಕರಿಗೆ ಇಲ್ಲಿ ವಿಶೇಷ ಅವಕಾಶವಿದೆ. ಹೈದರಾಬಾದು, ಚೆನ್ನೈ, ಮುಂಬಯಿ, ದೆಹಲಿಗಳ ಆಸ್ಪತ್ರೆಗಳಲ್ಲಿ ಮಂಗಳೂರು ಕರಾವಳಿಯಿಂದ ಹೋದ ಸನ್ಯಾಸಿನಿಯರೂ ದಾದಿಯರೂ ದುಡಿದಿದ್ದಾರೆ. ಹೆರಿಗೆ ವಾರ್ಡಿನ ದಾಖಲೆ ಪುಸ್ತಕಗಳು, ಕನ್ಯಾಮಠಗಳ ದಿನಚರಿಗಳು, ನಿವೃತ್ತ ದಾದಿಯರ ನೆನಪುಗಳು ಶಾಸನಗಳಷ್ಟೇ ಬೆಲೆಯುಳ್ಳ ಆಕರಗಳು. ಮಲ್ಕಾಪುರದ ಪ್ರಸೂತಿಶಾಲೆಯಲ್ಲಿ ದುಡಿದ ಸ್ತ್ರೀಯರ ಬದುಕನ್ನು ಕಲ್ಲು ನಮಗೆ ಹೇಳುವುದಿಲ್ಲ. ಏಳು ಶತಮಾನಗಳ ಅನಂತರ ಅದೇ ಸೀಮೆಯಲ್ಲಿ ಆ ಕೆಲಸವನ್ನು ಮಾಡಿದವರ ಬದುಕಾದರೂ ಕಾಗದದ ಮೇಲೆ ಉಳಿಯಬೇಕು.