ಮಯೋಸ್ಟ್ಯಾಟಿನ್: ಮೀನಿನ ಬೆಳವಣಿಗೆಯ ಕಡಿವಾಣ

ಮಾಂಸಖಂಡಗಳು ಮಿತಿಮೀರಿ ಬೆಳೆಯದಂತೆ ತಡೆಯುವ ಪ್ರೋಟೀನೇ ಮಯೋಸ್ಟ್ಯಾಟಿನ್. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸೆ-ಜಿನ್ ಲೀ ಹಾಗೂ ಸಂಗಡಿಗರು 1997ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಇದರ ಪಾತ್ರವನ್ನು ಗುರುತಿಸಿದರು. ಇದನ್ನು ತಯಾರಿಸುವ ವಂಶವಾಹಿ ನಿಷ್ಕ್ರಿಯಗೊಂಡರೆ ಸ್ನಾಯುಗಳು ಹೆಚ್ಚು ಬೆಳೆಯುತ್ತವೆ.

ಜಪಾನಿನ ವಿಜ್ಞಾನಿಗಳು ಈ ತತ್ತ್ವವನ್ನು ಅಲ್ಲಿ ಹೇರಳವಾಗಿ ಸಾಕುವ ಕೆಂಬಣ್ಣದ ಕಡಲಮೀನು ‘ಮದಾಯ್’ಗೆ ಅನ್ವಯಿಸಿದರು. ಕ್ರಿಸ್ಪರ್ ತಂತ್ರಜ್ಞಾನದಿಂದ ಆ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದಾಗ ಸ್ನಾಯುವಿನ ಪ್ರಮಾಣ ಸುಮಾರು ಶೇ. 16ರಷ್ಟು ಹೆಚ್ಚಿತು, ದೇಹದ ಉದ್ದ ಮಾತ್ರ ಕುಗ್ಗಿತು.

ಅನ್ಯ ಜೀವಿಯ ವಂಶವಾಹಿ ಇದರಲ್ಲಿ ಉಳಿದಿಲ್ಲವಾದ್ದರಿಂದ, ಸರ್ಕಾರಕ್ಕೆ ಮಾಹಿತಿ ಸಲ್ಲಿಸಿದ ಬಳಿಕ 2021ರಲ್ಲಿ ಮಾರಾಟಕ್ಕೆ ಹಾದಿ ತೆರೆಯಿತು. ಆದರೆ ಇಂತಹ ಆಹಾರದ ಪೊಟ್ಟಣದ ಮೇಲೆ ವಂಶವಾಹಿ ತಿದ್ದಿದ ವಿವರ ನಮೂದಿಸುವುದನ್ನು ಜಪಾನ್ ಕಡ್ಡಾಯಗೊಳಿಸಲಿಲ್ಲ. ಅದು ಗ್ರಾಹಕರ ಪ್ರಶ್ನೆ. ತಪ್ಪಿಸಿಕೊಂಡ ಮೀನು ಕಡಲಿನ ಸಹಜ ತಳಿಯೊಡನೆ ಬೆರೆತೀತೆಂಬುದು ಮತ್ತೊಂದು ಆತಂಕ; ಆದ್ದರಿಂದಲೇ ಇವುಗಳನ್ನು ನೆಲದ ಮೇಲಿನ ತೊಟ್ಟಿಗಳಲ್ಲಿ ಸಾಕಲಾಗುತ್ತದೆ.